ನನ್ನ ಪೂಜೆಯೂ ನೀಲಾಳ ಓಟವೂ

ನಮ್ಮ ಮನೆಯ ಹೆಂಚಿನ ಮೇಲೆ ಬರುವ ಮಂಗಗಳಿಗೆ ಮೊದಲು ನನ್ನ ಮೇಲೆ ಒಂದಿಷ್ಟೂ ಮರ್ಯಾದೆ ಇರಲಿಲ್ಲ. ಖಾನಾಪುರದ ಮಂಗಗಳು ಕಾಡನ್ನೂ ಕಂಡವು, ಪೇಟೆಯನ್ನೂ ಕಂಡವು. ಕನ್ನಡದಲ್ಲಿ ಬೈದರೂ ಕೇಳುವುದಿಲ್ಲ, ಮರಾಠಿಯಲ್ಲಿ ಬೈದರೂ ಕೇಳುವುದಿಲ್ಲ. ನಾನು ಕೋಲು ಹಿಡಿದು ಅಂಗಳಕ್ಕೆ ಬರುವಷ್ಟರಲ್ಲಿ ಒಣಹಾಕಿದ ಹಪ್ಪಳ ತಿಂದು ಮುಗಿಸಿ, ನನ್ನ ಮೊಣಕಾಲಿನ ಕಡೆ ಒಮ್ಮೆ ನೋಡಿ, ಅವಸರವಿಲ್ಲದೆ ಹೋಗುತ್ತಿದ್ದವು. ಈಗ ಹಾಗಿಲ್ಲ. ನಾನು ಕೊರಳಿಗೆ ಕೈ ಹಾಕಿದರೆ ಸಾಕು, ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಓಡುತ್ತವೆ.

ಕೊರಳಲ್ಲಿ ಸೀಟಿ ಇದೆ. ಪೊಲೀಸರು ಊದುತ್ತಾರಲ್ಲ, ಅಂಥದೇ. ನನ್ನ ಕೊರಳಲ್ಲಿ ಈಗ ಎರಡು ವಸ್ತು ಜೋತಾಡುತ್ತವೆ. ಒಂದು ಲಿಂಗ. ಅದನ್ನು ನಾನು ಹುಟ್ಟಿದಾಗಲೇ ಕಟ್ಟಿದ್ದಾರೆ. ನಾನು ಸತ್ತಾಗ ನನ್ನ ಸಂಗಡವೇ ಮಣ್ಣಿಗೆ ಬರುತ್ತದೆ. ಇನ್ನೊಂದು ಈ ಸೀಟಿ. ಇದು ಮೊಮ್ಮಗಳು ನೀಲಾಳ ಸಲುವಾಗಿ ಬಂದದ್ದು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ನನ್ನ ಕೊರಳು ನೋಡಿ, "ಯವ್ವಾ, ನೀವೇನು ಕಂಡಕ್ಟರ ಏನ್ರಿ?" ಎಂದು ಕೇಳಿದ. "ಹೌದು, ಹತ್ತು. ಚಿಲ್ಲರ ಇಟ್ಕೊಂಡಿಯೇನು?" ಎಂದೆ. ಮುದುಕ ಕಿಸೆ ತಡಕತೊಡಗಿದ.

ನಾನು ಕನ್ನಡ ಮೂರನೆಯ ಇಯತ್ತೆಯವರೆಗೆ ಓದಿದವಳು. ಆದ್ದರಿಂದ ಇದನ್ನು ಓದುವವರು ದೊಡ್ಡ ಮಾತು ಹುಡುಕಬಾರದು. ಸೀಟಿ ಹೇಗೆ ಬಂತು ಎಂಬುದಷ್ಟೇ ನನ್ನ ಹತ್ತಿರ ಇದೆ.

ನೀಲಾ ಒಂಬತ್ತನೆಯ ತರಗತಿಗೆ ಹೋದ ವರ್ಷ ಒಂದು ಮುಂಜಾನೆ ಚಹಾ ಕುಡಿಯುತ್ತ, "ಆಯಿ, ನಾ ಮಿಲಿಟರಿ ಅಕಾಡೆಮಿಗೆ ಹೋಗಾಕಿ. ಆಫೀಸರ್ ಆಗಾಕಿ" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನಾನು ಅವಳ ಬಶಿಗೆ ಇನ್ನೊಂದು ರೊಟ್ಟಿ ಹಾಕಿ, "ಯಾವಾಗ?" ಎಂದೆ.

"ಬಾರಾವಿ ಮುಗಿದ ಮ್ಯಾಲ. ಈಗ ಹುಡುಗ್ಯಾರನ್ನೂ ತಗೋತಾರ."

"ಹಂಗಾದ್ರ ಈಗ ರೊಟ್ಟಿ ತಿನ್ನು. ಹನ್ನೆರಡನೇತ್ತ ಇನ್ನೂ ದೂರ ಐತಿ."

ಅವಳು ನಕ್ಕಳು. ಆದರೆ ಅವಳ ತಾಯಿ ನಗಲಿಲ್ಲ. ನನ್ನ ಸೊಸೆ ಶೈಲಾ ಬೆಳಗಾವಿಯ ನೆಹರು ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೆಚ್ಚಿನ ದಿನ ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸಿಗೆ ಹೋಗುವವಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಳಿ ಕೋಟು ಹಾಕಿಕೊಂಡು ಓಡಾಡುವ ಹುಡುಗಿಯರನ್ನು ನೋಡಿ ನೋಡಿ, ಅವರಲ್ಲಿ ಒಬ್ಬಳಿಗೆ ತನ್ನ ಮಗಳ ಮುಖ ಹಚ್ಚಿ ಇಟ್ಟುಕೊಂಡಿದ್ದಳು. ಹತ್ತನೆಯದಾದ ಮೇಲೆ ನೀಲಾ ಬಯಾಲಜಿ ಹಿಡಿಯಬೇಕು, ಡಾಕ್ಟರ್ ಆಗಬೇಕು. ಇದು ಮನೆಯಲ್ಲಿ ಯಾರೂ ಮಾತಾಡದೆ ನಿರ್ಧಾರವಾಗಿದ್ದ ಸಂಗತಿ. ನೀಲಾಳಿಗೆ ಬೇಕಾದದ್ದು ಮಿಲಿಟರಿ ವಿಮಾನ ಹಾರಿಸುವುದು. ಅದಕ್ಕೆ ಗಣಿತ ಬೇಕಂತೆ. ಎರಡನ್ನೂ ಕೂಡಿಸಿ ಓದಲಿ ಎಂದು ನನ್ನ ಮಗ ಈರಣ್ಣ ಮೆಲ್ಲಗೆ ಹೇಳಿ ನೋಡಿದ. ತಾಯಿ ಮಗಳು ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಅವನು ಹೆಂಚಿನ ವ್ಯಾಪಾರದವನು. ಯಾವುದು ಒಡೆಯುತ್ತದೆ ಎಂದು ಸದ್ದಿನಿಂದಲೇ ತಿಳಿಯುತ್ತದೆ. ಎದ್ದು ಅಂಗಡಿಗೆ ಹೋದ.

ಕಡೆಗೆ ಶೈಲಾ ಒಂದು ಮಾತು ಹೇಳಿದಳು. "ನೋಡು ನೀಲಾ, ಮೈ ಗಟ್ಟಿ ಇಲ್ಲದಾಕಿ ಅಲ್ಲಿ ಹೋಗಿ ಬಿದ್ರ ಯಾರೂ ಎಬ್ಬಸೂದಿಲ್ಲ. ಹತ್ತನೇತ್ತಿನ ದೀಪಾವಳಿ ಆದ ಮ್ಯಾಲ ಸುಭೇದಾರ ಕಾಕಾ ನಿನ್ನ ಓಡಿಸಿ ನೋಡಲಿ. ಅವರು ಹೂಂ ಅಂದ್ರ ಗಣಿತ. ಇಲ್ಲಾಂದ್ರ ಬಯಾಲಜಿ, ಮತ್ತ ಬಾಯಿ ತಗೀಬಾರದು."

ನೀಲಾ ಕೈ ಮುಂದೆ ಚಾಚಿದಳು. ತಾಯಿ ಮಗಳು ಕೈ ಕುಲುಕಿದರು. ಎತ್ತಿನ ವ್ಯಾಪಾರ ಮುಗಿದಂತೆ ಇತ್ತು.

ಸುಭೇದಾರರು ನಮ್ಮ ಓಣಿಯವರೇ. ಕಣಕುಂಬಿ ಕಡೆಯ ಮರಾಠಿ ಜನ, ಮಿಲಿಟರಿಯಿಂದ ಪೆನ್ಶನ್ ಆದ ಮೇಲೆ ಇಲ್ಲಿ ಮನೆ ಕಟ್ಟಿದರು. ನನ್ನ ಗಂಡನಿಗೆ ತಮ್ಮನ ಹಾಗೆ ಇದ್ದವರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಆದಿತ್ಯವಾರ ಸಾಲೆಯ ಮೈದಾನದಲ್ಲಿ ನಾಲ್ಕಾರು ಹುಡುಗರಿಗೆ ಹಗ್ಗ ಏರುವುದು, ದಂಡ ಹೊಡೆಯುವುದು, ಎದೆ ಎತ್ತಿ ನಿಲ್ಲುವುದು ಹೇಳಿಕೊಡುತ್ತಾರೆ. ನೀಲಾ ಅಲ್ಲಿ ಸೇರಿಕೊಂಡಳು. ಮೊದಲ ದಿನ ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಕಾಯ್ ವೈನಿ, ಪೋರಿ ಹಗ್ಗಕ್ಕಿಂತ ಸಣ್ಣ ಅದಾಳಲ್ಲ" ಎಂದರು. ಆಮೇಲೆ ಗಂಭೀರವಾಗಿ ಹೇಳಿದರು: "ಆದಿತ್ಯವಾರದ್ದು ನಾ ನೋಡಿಕೋತೀನಿ. ದಿನಾ ಮುಂಜಾನಿ ಓಡೂದು ನಿಮ್ಮ ಜಿಮ್ಮಾ. ಹೊಳಿ ಸೇತುವಿ ಮುಟ್ಟಿ ತಿರುಗಿ ಬರಬೇಕು. ಟೈಮ್ ನೋಡಾಕ ಒಬ್ರು ಬೇಕು." ಹೀಗೆ ಹೇಳಿ ತಮ್ಮ ಕಿಸೆಯಿಂದ ಸೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಶೈಲಾ ಬಸ್ಸಿನಲ್ಲಿರುತ್ತಾಳೆ, ಈರಣ್ಣ ಹಾಸಿಗೆಯಲ್ಲಿರುತ್ತಾನೆ. ಉಳಿದವಳು ನಾನು.

ಓಟದ ವಿಷಯದಲ್ಲಿ ನನಗಿಂತ ಕೆಟ್ಟ ಪಂಚರು ಸಿಗುವುದು ಕಷ್ಟ. ನನ್ನ ತವರು ಸಾಂಬ್ರಾ. ನಾನು ಸಣ್ಣವಳಿದ್ದಾಗ ಅಲ್ಲಿ ವಿಮಾನದ ಕ್ಯಾಂಪಿನ ಹುಡುಗರು ನಸುಕಿನಲ್ಲಿ ಸಾಲಾಗಿ ಓಡುತ್ತಿದ್ದರು. ಹೊಲಕ್ಕೆ ಬುತ್ತಿ ಒಯ್ಯುವಾಗ ನಾವು ಬದುವಿನ ಮೇಲೆ ನಿಂತು ನೋಡುತ್ತಿದ್ದೆವು. ಹಿಂದೆ ನಾಯಿ ಇಲ್ಲ, ಮುಂದೆ ಎಮ್ಮೆ ಇಲ್ಲ, ಸುಮ್ಮನೆ ಯಾಕೆ ಓಡುತ್ತಾರೆ? ಅವ್ವನನ್ನು ಕೇಳಿದೆ. ಅವ್ವ, "ಏನರ ತಪ್ಪ ಮಾಡಿರಬೇಕು, ಪಾಪ" ಎಂದಳು. ಬಹಳ ವರ್ಷ ನಾನು ಅವರನ್ನು ಕಳ್ಳರೆಂದೇ ತಿಳಿದಿದ್ದೆ. ಅಷ್ಟು ಜನ ಕಳ್ಳರು, ಎಷ್ಟು ಶಿಸ್ತು ಎಂದು ಆಶ್ಚರ್ಯವಾಗುತ್ತಿತ್ತು. ನಾನು ಸ್ವಂತ ಓಡಿದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ, ಕಣ್ಣಿ ಹರಿದುಕೊಂಡ ಎಮ್ಮೆಯ ಹಿಂದೆ. ಎಮ್ಮೆ ಸಿಕ್ಕಿತು. ಆದರೆ ಸೊಸೆ ಓಡಿದಳು ಎಂದು ಅತ್ತೆ ವಾರದವರೆಗೆ ಮಾತು ಬಿಟ್ಟಳು. ಎಮ್ಮೆಯ ಸಂಗಡ ಮಾತು ಬಿಡಲಿಲ್ಲ.

ಇನ್ನು ಗಡಿಯಾರ. ಗೋಡೆಯ ಗಡಿಯಾರದಲ್ಲಿ ಎಷ್ಟು ಗಂಟೆಯಾಯಿತು ಎಂದು ನನಗೆ ತಿಳಿಯುತ್ತದೆ. ನಿಮಿಷ, ಸೆಕೆಂಡಿನ ಮುಳ್ಳುಗಳ ಲೆಕ್ಕ ನನ್ನ ಕಣ್ಣಿಗೂ ಹತ್ತುವುದಿಲ್ಲ, ತಲೆಗೂ ಹತ್ತುವುದಿಲ್ಲ. ಮೊಬೈಲುಗಳು ಇರುವುದು ಎರಡು, ಒಂದು ಬಸ್ಸಿನಲ್ಲಿ, ಒಂದು ಈರಣ್ಣನ ದಿಂಬಿನ ಕೆಳಗೆ. ನೀಲಾ ಕೈಗಡಿಯಾರ ಕೇಳಿದ್ದಕ್ಕೆ ಅವಳ ತಾಯಿ, "ಮೊದಲ ಕಾಲು ಓಡಲಿ, ಮುಳ್ಳು ಆಮ್ಯಾಲ ಓಡಲಿ" ಎಂದಿದ್ದಳು. ಅದೂ ಅಲ್ಲದೆ ಆ ಹೊತ್ತಿಗೆ ನಾನು ಜಳಕ ಮಾಡಿ ಪೂಜೆಗೆ ಕೂಡುವವಳು. ಕುಳಿತೆನೆಂದರೆ ಮುಗಿಯುವವರೆಗೆ ಏಳುವುದಿಲ್ಲ, ಮಾತಾಡುವುದೂ ಇಲ್ಲ. ಮನೆಗೆ ಬೆಂಕಿ ಬಿದ್ದರೂ ಕಣ್ಣಿನಿಂದಲೇ ತೋರಿಸಬೇಕು.

ಉಪಾಯ ನಾನೇ ತೆಗೆದೆ. "ನೋಡು, ನಾ ಬಾಗಲದಾಗ ನಿಂತು ಸೀಟಿ ಊದತೀನಿ. ನೀ ಓಡು. ನಾ ಒಳಗ ಹೋಗಿ ಪೂಜಿಗೆ ಕುಂದರತೀನಿ. ನಾ ಲಿಂಗ ಸುತ್ತಿ ಕೊರಳಿಗೆ ಹಾಕ್ಕೊಳ್ಳೂದರಾಗ ನೀ ಬಂದ್ರ ಗೆದ್ದಿ, ಇಲ್ಲಂದ್ರ ಸೋತಿ."

"ಆಯಿ, ದಿನಾ ಒಂದ ನಮೂನಿ ಆಗತೈತಿ ನಿನ್ನ ಪೂಜಿ?"

"ಐವತ್ತ ವರ್ಷದಿಂದ ಮಾಡಾಕತ್ತೀನಿ. ನಿಮ್ಮ ಸಾಲಿ ಗಂಟಿ ತಪ್ಪೀತು, ನಂದು ತಪ್ಪೂದಿಲ್ಲ."

ಅದು ಸುಳ್ಳಲ್ಲ. ವಿಭೂತಿ ಹಚ್ಚುವುದು, ಲಿಂಗಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ಅದನ್ನು ಎಡಗೈಯಲ್ಲಿ ಇಟ್ಟುಕೊಳ್ಳುವುದು, ನೀರು, ಪತ್ರಿ, ಒಂದು ಹೂವು, ಸ್ವಲ್ಪ ಹೊತ್ತು ಸುಮ್ಮನೆ ನೋಡುವುದು, ಮತ್ತೆ ಸುತ್ತಿ ಕಟ್ಟುವುದು. ನನ್ನ ಪೂಜೆ ಮೊದಲಿನಿಂದಲೂ ಚುಟುಕು. "ಪೂಜಿ ಮಾಡತೀಯೋ, ಬಸ್ ಹಿಡ್ಯಾಕ ಹೊಂಟೀಯೋ?" ಎಂದು ಅತ್ತೆ ಅನ್ನುತ್ತಿದ್ದಳು. ಅತ್ತೆಯದು ಉದ್ದ. ಅವಳು ಬೇಡುತ್ತಿದ್ದಳು. ನನ್ನ ತವರಿನಲ್ಲಿ ಲಿಂಗದ ಮುಂದೆ ಕುಳಿತು ಅದು ಕೊಡು ಇದು ಕೊಡು ಎಂದು ಬೇಡುವುದನ್ನು ಸಣ್ಣತನ ಎನ್ನುತ್ತಿದ್ದರು. ಅವ್ವ ಹೇಳುತ್ತಿದ್ದಳು: "ಕಾಯಕ ಮಾಡು, ಕೈಯಾಗ ಹಿಡಕೊಂಡು ಸುಮ್ನ ಕುಂದ್ರು. ಅಂವ ಅಂಗಡಿ ತಗದು ಕುಂತಿಲ್ಲ." ನಾನೂ ಹಾಗೆಯೇ ಬಂದವಳು.

ಮೊದಲ ದಿನ ನಾನು ಪೂಜೆ ಮುಗಿಸಿ, ಒಲೆ ಹಚ್ಚಿ, ಚಹಾಕ್ಕೆ ಇಟ್ಟು, ಕುಡಿದು, ಲೋಟ ತೊಳೆದ ಮೇಲೆ ಗೇಟು ಸದ್ದಾಯಿತು. ನೀಲಾಳ ಮುಖ ಖಾನಾಪುರದ ಹೆಂಚಿನ ಬಣ್ಣಕ್ಕೆ ಬಂದಿತ್ತು. ಓಡುವಾಗ ಕೊರಳಿನ ಲಿಂಗ ಎದೆಗೆ ಬಡಿಯುತ್ತದೆ ಎಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಬಿಗಿಯಾಗಿ ಕಟ್ಟಿದೆ. ತೋಳಿಗೆ ಕಟ್ಟಲೂ ನಮ್ಮಲ್ಲಿ ಅಡ್ಡಿಯಿಲ್ಲ. ಮರುದಿನ ಮತ್ತೆ ಓಡಿದಳು.

ಓಣಿಯಲ್ಲಿ ಮಾತು ಎದ್ದಿತು. ಬಾಜು ಮನೆಯಾಕೆ ನೀರಿನ ಹೊತ್ತಿಗೆ ಬಂದು, "ಏನ್ರಿ, ವಯಸ್ಸಿಗೆ ಬಂದ ಹುಡುಗಿ, ನಸುಕಿನ್ಯಾಗ ಚಡ್ಡಿ ಹಾಕ್ಕೊಂಡು ರಸ್ತಾದಾಗ ಓಡತಾಳಂತ?" ಎಂದಳು.

"ಹೌದ. ನಿನ್ನ ಮಗ ಆ ಹೊತ್ತಿನ್ಯಾಗ ಏನ ಹಾಕ್ಕೊಂಡು ಮಲಗಿರತಾನ?"

ಆಕೆ ಕೊಡ ಎತ್ತಿಕೊಂಡು ಹೋದಳು. ಪಾಪದವಳು, ಸಂಕ್ರಮಣಕ್ಕೆ ಎಳ್ಳು ಕೊಡಲು ಬಂದಾಗ ನೀಲಾಳಿಗೆಂದು ಶೇಂಗಾ ಉಂಡಿ ತಂದಿದ್ದಳು.

ನೀಲಾ ಶಕ್ತಿ ಬರಲಿ ಎಂದು ಮೊಳಕೆ ಹೆಸರುಕಾಳು ತಿಂದಳು, ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ತನ್ನನ್ನು ತಾನೇ ಪ್ರಶ್ನೆ ಕೇಳಿಕೊಂಡಳು. ಪಾದ ಸಪಾಟ ಇದ್ದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಸುಭೇದಾರರು ಹೇಳಿದ ದಿನ ಮನೆಯವರೆಲ್ಲ ಕಾಲು ತೋಯಿಸಿಕೊಂಡು ಕಟ್ಟೆಯ ಮೇಲೆ ನಡೆದೆವು. ನೀಲಾಳ ಹೆಜ್ಜೆಯ ನಡುವೆ ಒಣ ಜಾಗ ಬಿಟ್ಟಿತ್ತು. ನನ್ನದು ಪೂರಾ ರೊಟ್ಟಿ ತಟ್ಟಿದ ಹಾಗೆ. ಮಿಲಿಟರಿಗೆ ನಾನು ನಪಾಸು ಎಂದು ಆ ದಿನ ತಿಳಿಯಿತು. ಆದರೂ ಮಳೆಗಾಲದ ನಂತರ ಹುಡುಗಿಯ ಒಣ ಜಾಗ ಸ್ವಲ್ಪ ಸಣ್ಣದಾಗಿದೆಯೇನೋ ಎಂದು ನನಗೆ ಅನುಮಾನ ಬಂತು. ಯಾರಿಗೂ ಹೇಳಲಿಲ್ಲ.

ಸಂದರ್ಶನದ ಅಭ್ಯಾಸಕ್ಕೆ ನನ್ನನ್ನು ಖುರ್ಚಿಯ ಮೇಲೆ ಕೂಡಿಸುತ್ತಿದ್ದಳು. ನಾನು ದೊಡ್ಡ ಸಾಹೇಬ.

"ಕೇಳ್ರಿ ಸರ್."

"ಬಾಂಡಿ ತಿಕ್ಕಾಕ ಬರತೈತೇನು?"

"ಆಯಿ! ಅದನ್ನ ಅಲ್ಲಿ ಕೇಳೂದಿಲ್ಲ."

"ನಾ ಸಾಹೇಬ ಆಗಿದ್ರ ಅದನ್ನ ಮೊದಲ ಕೇಳತಿದ್ದೆ. ತಾ ಉಂಡ ತಾಟು ತಾ ತೊಳೀದಾಕಿ ದೇಶ ಏನ ಕಾಯತಾಳ?"

ಆ ದಿನದಿಂದ ತನ್ನ ತಾಟು ತಾನೇ ತೊಳೆದಿಟ್ಟಳು. ಅಕಾಡೆಮಿಯಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅದು.

ಓಟವೂ ಸುಧಾರಿಸುತ್ತ ಬಂತು. ಲೋಟ ತೊಳೆಯುವ ಹೊತ್ತಿಗೆ ಬರುತ್ತಿದ್ದವಳು ಒಲೆ ಹಚ್ಚುವ ಹೊತ್ತಿಗೆ ಬಂದಳು. ಆಮೇಲೆ ನಾನು ಲಿಂಗ ಸುತ್ತುವಾಗಲೇ ಗೇಟು ಸದ್ದಾಗತೊಡಗಿತು. ಹತ್ತನೆಯ ತರಗತಿಯ ಮಳೆಗಾಲ ಮುಗಿಯುವ ಹೊತ್ತಿಗೆ ನಾನಿನ್ನೂ ಕೈಯಲ್ಲಿ ಲಿಂಗ ಹಿಡಿದುಕೊಂಡೇ ಇರುತ್ತಿದ್ದೆ, ಅವಳು ಬಂದು ನೀರು ಕುಡಿದು, ಶೂ ಬಿಚ್ಚಿ, ಬಾಗಿಲಲ್ಲಿ ನಿಂತು ಪಿಸುಗುಡುತ್ತಿದ್ದಳು: "ಆಯಿ, ಇವತ್ತೂ ನಾನ ಗೆದ್ದೆ." ನಾನು ಮಾತಾಡದೆ ಕಣ್ಣು ಅರಳಿಸುತ್ತಿದ್ದೆ. ಆದಿತ್ಯವಾರ ಸುಭೇದಾರರು, "ಓಡೂದು ಹೆಂಗ ನಡದೈತಿ ವೈನಿ?" ಎಂದರೆ, "ಕುದರಿ ನಾಚಬೇಕು" ಎನ್ನುತ್ತಿದ್ದೆ.

ದೀಪಾವಳಿ ಆಯಿತು. ಪರೀಕ್ಷೆಯ ದಿನ ಶೈಲಾ ರಜೆ ಹಾಕಿ ಮೈದಾನಕ್ಕೆ ಬಂದಳು. ಹುಡುಗರ ಸಂಗಡ ನೀಲಾಳನ್ನೂ ಸಾಲಿನಲ್ಲಿ ನಿಲ್ಲಿಸಿದರು. ಸುಭೇದಾರರ ಕೈಯಲ್ಲಿ ಗಡಿಯಾರ. ಸೀಟಿ ಊದುವ ಮಾನ ನನಗೆ. ಊದಿದೆ. ಓಡಿದರು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಹುಡುಗರು ಬಂದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹುಡುಗನೂ ಬಂದ. ಸುಭೇದಾರರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಆಮೇಲೆ ನೀಲಾ ಬಂದಳು.

"ಟೈಮ್ ಹೋಗೇತಿ, ವೈನಿ. ಭಾಳ ಹೋಗೇತಿ."

ನೀಲಾ ನನ್ನ ಕಡೆ ನೋಡಿದಳು. ಅಳಲಿಲ್ಲ. ಸಂತೆಯಲ್ಲಿ ತಕ್ಕಡಿಯವನು ಮೋಸ ಮಾಡಿದಾಗ ನೋಡುತ್ತೇವಲ್ಲ, ಹಾಗೆ ನೋಡಿದಳು. ದಾರಿಯಲ್ಲಿ ಶೈಲಾ ಮಗಳ ನೀರಿನ ಬಾಟಲಿಯನ್ನು ತಾನೇ ಹಿಡಿದುಕೊಂಡು ನಡೆದಳು. ಮನೆಗೆ ಬಂದ ಮೇಲೆ, "ಬಯಾಲಜಿ ಕೆಟ್ಟದ್ದಲ್ಲ, ನೀಲಾ" ಎಂದಳು. "ಹೂಂ" ಎಂದಳು ನೀಲಾ. ಕೈ ಕುಲುಕಿದ್ದಳಲ್ಲ, ಮಾತಿಗೆ ತಪ್ಪುವ ಹುಡುಗಿಯಲ್ಲ. ನನಗೆ ಅವಳು ಹಠ ಮಾಡಿದ್ದರೆ ಚೆನ್ನಾಗಿತ್ತು.

ಮರುದಿನ ನಸುಕಿನಲ್ಲಿ ನಾನು ಸೀಟಿ ಮುಟ್ಟಲಿಲ್ಲ. ಜಳಕ ಮಾಡಿ ಬರುವಾಗ ನೀಲಾ ಕಟ್ಟೆಯ ಮೇಲೆ ಕುಳಿತು ಶೂ ಕಟ್ಟುತ್ತಿದ್ದಳು.

"ಎಲ್ಲಿಗೆ?"

"ಓಡಾಕ. ಎದ್ದೀನಲ್ಲ ಹೆಂಗೂ." ಅಷ್ಟೇ ಹೇಳಿ ಹೋದಳು.

ನಾನು ಪೂಜೆಗೆ ಕುಳಿತೆ. ಆ ದಿನ ಶೈಲಾಳಿಗೆ ಮಧ್ಯಾಹ್ನದ ಪಾಳಿ, ಮನೆಯಲ್ಲಿಯೇ ಇದ್ದಳು. ಮಗಳ ಮೈಯಲ್ಲಿ ರಕ್ತ ಕಡಿಮೆ ಇರಬಹುದು, ಅದಕ್ಕೇ ಸೋತಿದ್ದಾಳೆ ಎಂಬ ಅನುಮಾನ ಅವಳಿಗೆ. ಬಂದ ಕೂಡಲೇ ನಾಡಿ ಹಿಡಿದು ನೋಡಬೇಕೆಂದು ಗಡಿಯಾರ ಕಟ್ಟಿಕೊಂಡು ಬಾಗಿಲಲ್ಲಿ ಬಂದು ಕುಳಿತಳು. ಗೇಟು ಸದ್ದಾಯಿತು. ನೀಲಾ ಬಂದಳು. ತಾಯಿ ನಾಡಿ ನೋಡಿದಳು. ನೀಲಾ ನೀರು ಕುಡಿದು ಜಳಕಕ್ಕೆ ಹೋದಳು. ನಾನಿನ್ನೂ ಪೂಜೆಯಲ್ಲಿದ್ದೆ. ಶೈಲಾ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಗೋಡೆಗೆ ಬೆನ್ನು ಕೊಟ್ಟು ಮತ್ತೆ ಗಡಿಯಾರ ನೋಡಿದಳು. ನನಗೆ ಮಾತಾಡುವಂತಿಲ್ಲ. ಹುಬ್ಬು ಏರಿಸಿದೆ. ಅವಳು ಕೈಯಿಂದ, "ಮುಗಸ್ರಿ, ಮುಗಸ್ರಿ" ಎಂದಳು. ನೀಲಾ ಜಳಕ ಮುಗಿಸಿ ಜಡೆ ಹಾಕಿಕೊಂಡು ಬಂದು ತಾಯಿಯ ಬಾಜು ಕುಳಿತಳು. ಆಮೇಲೆ ನಾನು ಲಿಂಗ ಸುತ್ತಿ ಕೊರಳಿಗೆ ಹಾಕಿಕೊಂಡೆ.

"ಅತ್ತಿ," ಎಂದಳು ಶೈಲಾ, "ನಿಮ್ಮ ಪೂಜಿ ಇಷ್ಟ ಉದ್ದ ಯಾವಾಗ ಆತ್ರಿ? ನಾ ಮದಿವ್ಯಾಗಿ ಬಂದಾಗ ಹಾಲು ಉಕ್ಕೂದರಾಗ ಏಳತಿದ್ರಿ."

"ಈಗೂ ಅಷ್ಟ ಐತಿ."

"ಅಷ್ಟ ಇಲ್ರಿ. ನಾ ಗಡಿಯಾರ ಹಿಡದೀನಿ. ಏನ ಮಾಡಾಕತ್ತಿದ್ರಿ ಇಷ್ಟೊತ್ತು?"

ಸುಳ್ಳು ಹೇಳಬಹುದಿತ್ತು. ಕೊರಳಿಗೆ ಈಗ ತಾನೇ ಲಿಂಗ ಹಾಕಿಕೊಂಡಿದ್ದೆ. "ಕೇಳಿಕೋತ ಕುಂತಿದ್ದೆ" ಎಂದೆ.

"ಏನಂತ?"

"ಏನಂತ ಅಂದ್ರ... ಹುಡುಗಿ ಬ್ಯಾಗ ಓಡಲಿ ಅಂತ."

ಇಬ್ಬರೂ ನನ್ನನ್ನು ನೋಡುತ್ತಲೇ ಇದ್ದರು.

"ಮೊದಲ ಅದೊಂದ ಇತ್ತು," ಎಂದೆ. "ಆಮ್ಯಾಲ ಗಣಿತ ಬಂತು. ಇಂಗ್ಲಿಷ್ ಬಂತು. ಹಿಂದಿನ ಹಲ್ಲು ಒಂದು ಹುಳಕ ಇತ್ತಲ್ಲ, ಅದು. ಹಗ್ಗದ ಮ್ಯಾಲಿಂದ ಕೈ ಜಾರಬಾರದು ಅಂತ. ಪಾದ ಸಪಾಟ ಆಗಬಾರದು ಅಂತ."

"ಪಾದಕ್ಕೂ ಕೇಳಿದ್ರಿ?" ಎಂದಳು ಶೈಲಾ.

"ಒಂದೊಂದ ಪಾದಕ್ಕ ಬ್ಯಾರೆ ಬ್ಯಾರೆ ಕೇಳೀನಿ."

ನೀಲಾ ಬಾಯಿ ತೆರೆದಳು. "ಆಯಿ! ಅಂದ್ರ ನಾ ಬ್ಯಾಗ ಬರಾಕತ್ತಿರಲಿಲ್ಲ. ನೀ ತಡಾ ಮಾಡಾಕತ್ತಿದ್ದಿ!"

ಶೈಲಾ ಮೊದಲು ಸೆರಗನ್ನು ಬಾಯಿಗೆ ಹಿಡಿದಳು. ಆಮೇಲೆ ಅದೂ ಸಾಲಲಿಲ್ಲ. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಒರಗಿ ನಕ್ಕಳು. ಮನೆಗೆ ಬಂದ ಮೇಲೆ ಈ ಸೊಸೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ; ದಿನವೆಲ್ಲ ರೋಗಿಗಳನ್ನು ನೋಡಿ ಬರುವವಳಿಗೆ ನಗು ಎಲ್ಲಿಂದ ಬರಬೇಕು. ಈರಣ್ಣ ಹಾಸಿಗೆಯಿಂದ ಎದ್ದು ಬಂದು, ಏನಾಯಿತು ಎಂದು ಕೇಳಿ, ಯಾರೂ ಹೇಳದ್ದಕ್ಕೆ ತಾನೂ ನಕ್ಕ. ನನಗೆ ಸಿಟ್ಟು ಬಂತು. ಐವತ್ತು ವರ್ಷ ಏನನ್ನೂ ಬೇಡದವಳು ಬೇಡಲು ಕುಳಿತರೆ ಹೀಗೆ ಆಗಬೇಕೇ? ಅವ್ವ ಹೇಳಿದ್ದು ಸರಿ. ಬೇಡಿದಷ್ಟೂ ಹುಡುಗಿ ಹಿಂದೆ ಬಿದ್ದಿದ್ದಳು.

ನಗು ಮುಗಿಸಿ ಕಣ್ಣು ಒರೆಸಿಕೊಂಡು ಶೈಲಾ ಎದ್ದಳು. ಗಡಿಯಾರ ಬಿಚ್ಚಿ ಮಗಳ ಕೈಗೆ ಕಟ್ಟಿದಳು. ದೊಡ್ಡದಾಗುತ್ತಿತ್ತು, ಒಂದು ತೂತು ಹೆಚ್ಚು ಎಳೆದಳು.

"ಮುಳ್ಳು ನೋಡಿ ಓಡು. ಹತ್ತನೇತ್ತಿನ ಪರೀಕ್ಷಾ ಮುಗಿದ ಮ್ಯಾಲ ಮತ್ತೊಮ್ಮೆ ಮೈದಾನಕ್ಕ ಬರತೀನಿ. ನಿನ್ನೆ ಫೇಲ್ ಆದಾಕಿ ನೀ ಅಲ್ಲ, ನಿಮ್ಮ ಆಯಿ."

ಮಿಲಿಟರಿಯಲ್ಲಿ ನಾನು ಎರಡನೆಯ ಸಲ ನಪಾಸಾದೆ.

ಅಲ್ಲಿಂದ ಮುಂದೆ ಹುಡುಗಿ ಓಡಿದ್ದೇ ಓಟ. ತಾನು ಎಷ್ಟು ಹಿಂದಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕಾಲಿಗೆ ಬೆಂಕಿ ಹತ್ತಿತು. ಚಳಿಯಲ್ಲಿ ಹೊಳೆಯ ಮೇಲೆ ಮಂಜು ಕುಳಿತು ಸೇತುವೆ ಕಾಣದ ದಿನವೂ ಹೋಗಿ ಕೈಯಿಂದ ಕಟಕಟೆ ಮುಟ್ಟಿ ಬರುತ್ತಿದ್ದಳು. ಪರೀಕ್ಷೆ ಮುಗಿದು ಮಾವಿನಕಾಯಿ ಉಪ್ಪಿಗೆ ಬೀಳುವ ಹೊತ್ತಿಗೆ ಮತ್ತೆ ಮೈದಾನಕ್ಕೆ ಹೋದೆವು. ನಾನೇ ಸೀಟಿ ಊದಿದೆ. ಹುಡುಗರಲ್ಲಿ ಇಬ್ಬರ ಹಿಂದೆ ನೀಲಾ ಬಂದಳು. ಸುಭೇದಾರರು ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಏ ಬಾಪ್ರೇ! ವೈನಿ, ಈ ಸಲ ಪೂಜಿ ಬಿಟ್ರೇನ್ರಿ?"

ಓಣಿಗೆಲ್ಲ ಸುದ್ದಿ ಹಬ್ಬಿತ್ತು ಎಂದು ಆಗ ತಿಳಿಯಿತು. ಶೈಲಾ ನಗಲಿಲ್ಲ. ಮಗಳ ಬೆನ್ನಿನ ಮೇಲೆ ಕೈ ಇಟ್ಟಳು. ಬಿಳಿ ಕೋಟಿನ ಹುಡುಗಿಯ ಮುಖವನ್ನು ಮನಸ್ಸಿನಲ್ಲಿಯೇ ಬಿಚ್ಚಿ ಇಟ್ಟಿರಬೇಕು. "ಗಣಿತ ತಗೋ ಹೋಗು," ಎಂದಳು. "ಕಾಲು ಮೊದಲ ನೀರಾಗ ಇಡು, ಬಾತೈತಿ."

ಈಗ ನೀಲಾ ಬೆಳಗಾವಿಯ ಕಾಲೇಜಿನಲ್ಲಿ ಅಕರಾವಿ, ಅಂದರೆ ಹನ್ನೊಂದನೆಯದು, ಓದುತ್ತಾಳೆ. ತಾಯಿ ಮಗಳು ಕೆಲವು ದಿನ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಕ್ಯಾಂಪ್ ದಾಟುವಾಗ ಜವಾನರು ಓಡುತ್ತಿದ್ದರೆ ಬಸ್ಸಿನಲ್ಲಿ ಎಲ್ಲರೂ ಮೊಬೈಲ್ ನೋಡುತ್ತಾರಂತೆ, ಶೈಲಾ ಮಾತ್ರ ಅವರ ಕಾಲು ನೋಡಿ, "ಅಂವ ಹಿಮ್ಮಡ ಎತ್ತಾಕತ್ತಿಲ್ಲ ನೋಡು" ಎನ್ನುತ್ತಾಳಂತೆ. ಅಕಾಡೆಮಿಯ ಪರೀಕ್ಷೆ ಇನ್ನೂ ಮುಂದಿದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಹಳ ಜನ ಕೂಡುತ್ತಾರಂತೆ, ಸ್ವಲ್ಪ ಜನರನ್ನು ತೆಗೆದುಕೊಳ್ಳುತ್ತಾರಂತೆ. ಆಗದಿದ್ದರೂ ತಾಟು ತೊಳೆಯುವುದು, ಮಾತಿಗೆ ನಿಲ್ಲುವುದು ಕಲಿತಿದ್ದಾಳೆ. ಅವು ಎಲ್ಲಿಯೂ ನಡೆಯುತ್ತವೆ.

ನಸುಕಿನ ಓಟ ತಪ್ಪಿಲ್ಲ. ಕಾಲೇಜಿನ ಬಸ್ಸಿಗೆ ಮುಂಚೆ ಸೇತುವೆ ಮುಟ್ಟಿ ಬರುತ್ತಾಳೆ. ಸೀಟಿ ಊದುವ ಕೆಲಸ ನನ್ನ ಹತ್ತಿರವೇ ಉಳಿದಿದೆ. ಗಡಿಯಾರದ ಕೆಲಸದಿಂದ ನನ್ನನ್ನು ತೆಗೆದುಹಾಕಿದ್ದಾರೆ. ಅಷ್ಟೇ ಅಲ್ಲ, ಈಗ ಹುಕುಂ ತಿರುಗಿದೆ. ಗೇಟು ಸದ್ದಾದ ಕೂಡಲೇ ನಾನು ಪೂಜೆ ಮುಗಿಸಿ ಎದ್ದು ಅವಳಿಗೆ ಚಹಾ, ರೊಟ್ಟಿ ಕೊಡಬೇಕು, ಇಲ್ಲದಿದ್ದರೆ ಬಸ್ಸು ಹೋಗುತ್ತದೆ. ಮೊದಲು ಅವಳು ನನ್ನ ಪೂಜೆಯ ಲೆಕ್ಕಕ್ಕೆ ಓಡುತ್ತಿದ್ದಳು. ಈಗ ನಾನು ಅವಳ ಓಟದ ಲೆಕ್ಕಕ್ಕೆ ಪೂಜೆ ಮಾಡುತ್ತೇನೆ.

ಬೇಡುವ ಚಟ ಒಮ್ಮೆ ಹತ್ತಿದ ಮೇಲೆ ಪೂರಾ ಹೋಗುವುದಿಲ್ಲ. ಈಗಲೂ ಕೇಳುತ್ತೇನೆ. ಮೊದಲು ಅವಳದು, ಆಮೇಲೆ ನನ್ನ ಮೊಣಕಾಲಿನದು ಎಂದು ಸರದಿ ಹಚ್ಚಿಕೊಂಡಿದ್ದೇನೆ. ಆದರೆ ಅವಳ ಗಣಿತ ಮುಗಿಸಿ ಹಲ್ಲಿಗೆ ಬರುವಷ್ಟರಲ್ಲಿ ಗೇಟು ಸದ್ದಾಗುತ್ತದೆ. ಹುಡುಗಿ ಅಷ್ಟು ಬೇಗ ಬರುತ್ತಾಳೆ. ಮೊಣಕಾಲು ಹಾಗೆಯೇ ನೋಯುತ್ತದೆ.